ಕೇಳದೆ ಕಡಿದ ಸಿಲ್ವರ್ ಮರ

ನಡೆದದ್ದು ಇಷ್ಟೇ. ಆಸ್ಟ್ರೇಲಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿ ಬೀದಿ ಬದಿಯ ಒಂದು ಸಿಲ್ವರ್ ಓಕ್‌ಗೆ, ನಮ್ಮ ಬಾಯಲ್ಲಿ ಸಿಲ್ವರ್ ಮರಕ್ಕೆ, ಗರಗಸ ಹಾಕಿದೆ. ಮೊಮ್ಮಗಳನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆ ಮುದುಕಿ ಸಿಟ್ಟಾಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲು ತೆಗೆಸುವುದರಲ್ಲೇ ನನ್ನ ಪ್ರವಾಸ ಮುಗಿಯಿತು. ಸಮುದ್ರವನ್ನೂ ನೋಡಿದೆ, ಕಾಂಗರೂವನ್ನೂ ನೋಡಿದೆ. ಕಾಂಗರೂ ಮಧ್ಯಾಹ್ನದ ಹೊತ್ತು ನಮ್ಮೂರ ನಾಯಿಗಳ ಹಾಗೆ ನೆರಳಲ್ಲಿ ಬಿದ್ದುಕೊಂಡಿರುತ್ತದೆ. ಅದರಲ್ಲಿ ಬರೆಯುವಂಥದ್ದೇನಿಲ್ಲ.

ವಾಪಸು ಬಂದ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: ಆ ದೇಶದ ಜನ ಹೆಂಗೆ? ಆ ದೇಶದ ಜನ ಅಂದರೆ ಯಾರು ಅಂತ ನನಗೆ ಕೊನೆಯವರೆಗೂ ಸರಿಯಾಗಿ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಹೇಳುತ್ತೇನೆ, ಓದಿದವರು ತೀರ್ಮಾನ ಮಾಡಿ.

ವಿಮಾನ ನಿಲ್ದಾಣ

ನಾನು ಓದಿದ್ದು ನಾಲ್ಕನೇ ಕ್ಲಾಸು. ಹುಟ್ಟಿದ್ದು ಕೊಡಗಿನ ಪಾಲಿಬೆಟ್ಟದ ಎಸ್ಟೇಟ್ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ. ನಮ್ಮಪ್ಪ ಪಿರಿಯಾಪಟ್ಟಣದ ಕಡೆಯಿಂದ ಕೂಲಿಗೆ ಬಂದವರು. ಗೋಡೆಯ ಆಚೆ ಮಲಯಾಳಿಗಳಿದ್ದರು, ಈಚೆ ತಮಿಳರಿದ್ದರು. ಹಾಗಾಗಿ ಬೈಯಲು ಮೂರು ಭಾಷೆ ಬರುತ್ತದೆ, ಬರೆಯಲು ಒಂದೇ. ಮದುವೆಯಾಗಿ ಬಂದದ್ದು ಕುಶಾಲನಗರದಿಂದ ಚೆಟ್ಟಳ್ಳಿಗೆ ಹೋಗುವ ದಾರಿಯಲ್ಲಿರುವ ಸಣ್ಣ ತೋಟಕ್ಕೆ. ಮಾವನವರು ಅರಕಲಗೂಡಿನಿಂದ ಬಂದು ಮಾಡಿದ ತೋಟ ಅದು.

ಬ್ರಿಸ್ಬೇನಿನಲ್ಲಿ ಇಳಿದಾಗ ನನ್ನ ಪಾಸ್‌ಪೋರ್ಟ್ ನೋಡಿದವಳು ಚೀನಾದ ಮುಖದವಳು. ಲಗೇಜು ತೆಗೆಸಿ ನೋಡಿದವನು ಪೇಟ ಕಟ್ಟಿದ ಸರ್ದಾರ. ಅವನು ನನ್ನ ಚಪ್ಪಲಿ ಬಿಚ್ಚಿಸಿದ. ಅಡಿಯಲ್ಲಿ ನಮ್ಮ ತೋಟದ ಮಣ್ಣು ಮೆತ್ತಿಕೊಂಡಿತ್ತು. ಹೊರಗಿನ ಮಣ್ಣು ಆ ದೇಶದೊಳಗೆ ಬರಬಾರದಂತೆ. ಒಳಗೆ ತೆಗೆದುಕೊಂಡು ಹೋಗಿ, ಬ್ರಷ್ ಹಾಕಿ ತೊಳೆದು, ಎರಡು ಕೈಯಲ್ಲಿ ಹಿಡಿದು ತಂದುಕೊಟ್ಟ. ನನ್ನ ಗಂಡ ಬದುಕಿದ್ದ ತನಕ ಒಂದು ದಿನವೂ ನನ್ನ ಚಪ್ಪಲಿ ಮುಟ್ಟಿದವರಲ್ಲ.

ಹೊರಗೆ ಮಗಳು ಹೇಮ ನಿಂತಿದ್ದಳು. ನಾನು ಮೊದಲು ಕೇಳಿದ್ದು ಅದೇ.

“ಅಲ್ಲ ಕಣೇ, ಈ ದೇಶದವರು ಎಲ್ಲಿ? ಒಬ್ಬರೂ ಕಾಣಲಿಲ್ಲವಲ್ಲ.”

“ಇವರೇ ಕಣವ್ವ ಈ ದೇಶದವರು. ಮೆಲ್ಲಗೆ ಮಾತಾಡು.”

“ಯಾಕೆ, ಸರ್ದಾರನಿಗೆ ಕನ್ನಡ ಬರುತ್ತಾ?”

ಹೇಮಳ ಬೀದಿ

ಹೇಮ ಅಲ್ಲಿ ವಯಸ್ಸಾದವರನ್ನು ಇಟ್ಟುಕೊಳ್ಳುವ ಮನೆಯಲ್ಲಿ ನರ್ಸು. ಮಧ್ಯಾಹ್ನ ಡ್ಯೂಟಿಗೆ ಹೋದರೆ ರಾತ್ರಿ ಬರುತ್ತಾಳೆ. ಅಳಿಯ ಲೋಕೇಶ ದೂರದ ಗಣಿಯಲ್ಲಿ ದೊಡ್ಡ ಲಾರಿಗಳನ್ನು ರಿಪೇರಿ ಮಾಡುತ್ತಾನೆ. ಎರಡು ವಾರ ಅಲ್ಲಿ, ಒಂದು ವಾರ ಮನೆ. ಮಗಳು ಸಿರಿಗೆ ಎಂಟು ವರ್ಷ. ಶಾಲೆ ಬಿಟ್ಟ ಮೇಲೆ ಅವಳಿಗೆ ಊಟ ಹಾಕಿ, ಪಾಠ ಓದಿಸಿ, ಹೇಮ ಬರುವ ತನಕ ಇಟ್ಟುಕೊಳ್ಳುತ್ತಿದ್ದವಳು ಪಕ್ಕದ ಮನೆಯ ಮರಿಯಾ. ಆ ಮುದುಕಿ ಇಲ್ಲದಿದ್ದರೆ ಹೇಮಳ ಕೆಲಸವೇ ಇಲ್ಲ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಮರಿಯಾ ಇಟಲಿಯವಳು. ಗಂಡ ಕಬ್ಬು ಕಡಿಯಲು ಬಂದವನು. ಹಿಂದೆಯೇ ಇವಳು ಹಡಗಿನಲ್ಲಿ ಬಂದಳಂತೆ. ಗಂಡ ತೀರಿಹೋಗಿದ್ದಾನೆ. ಎದುರು ಮನೆ ವಿಯೆಟ್ನಾಮಿನವರದು. ಅದರಾಚೆ ಪಂಜಾಬಿನವರು, ಮೂಲೆಯಲ್ಲಿ ಯಾವುದೋ ದ್ವೀಪದ ಭಾರಿ ಮೈಯ ಜನ. ಭಾನುವಾರ ಅವರ ಹಾಡು ಬೀದಿಗೆಲ್ಲ ಕೇಳುತ್ತದೆ. ಕಾರು ಒಳಗೆ ಹೋಗುತ್ತದೆ, ಶಟರು ಇಳಿಯುತ್ತದೆ, ಮುಗಿಯಿತು. ಫೋನು ಮಾಡದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ.

ಹೇಮಳಿಗೆ ಒಂದು ದೂರು ಇತ್ತು. “ಎಂಟು ವರ್ಷ ಆಯ್ತು ಅವ್ವ. ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ, ಎಲ್ಲ ಕಡೆ ಒಂದೇ ಪ್ರಶ್ನೆ, ನೀನು ಎಲ್ಲಿಯವಳು ಅಂತ. ಈ ಊರು ಅಂದರೆ, ಅಲ್ಲ, ನಿಜವಾಗಿ ಎಲ್ಲಿಯವಳು ಅಂತಾರೆ.”

“ಕೇಳಲಿ ಬಿಡು. ನಮ್ಮ ಕಡೆ ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರು ಇವತ್ತಿಗೂ ‘ನಿಮ್ಮದು ಮೂಲ ಯಾವೂರು’ ಅನ್ನಲ್ವ?”

“ಇನ್ನು ಎರಡು ವಾರಕ್ಕೆ ಟೌನ್ ಹಾಲಿನಲ್ಲಿ ಪ್ರಮಾಣ ಮಾಡ್ತೀನಿ. ಆಮೇಲೆ ನಾನು ಈ ದೇಶದವಳೇ. ಅದನ್ನು ನೋಡಲಿ ಅಂತಾನೇ ನಿನ್ನ ಕರೆಸಿದ್ದು.”

“ಪ್ರಮಾಣ ಮಾಡಿದರೆ ಆಗಿಬಿಡುತ್ತಾ?”

“ಆಗುತ್ತೆ.”

“ಸಲೀಸಾಯ್ತು ಬಿಡು. ನಿಮ್ಮ ತಾತ ಅರಕಲಗೂಡು ಬಿಟ್ಟು ಬಂದು, ತೋಟ ಮಾಡಿ, ಅಲ್ಲೇ ಮಣ್ಣಾದರು. ಇನ್ನೂ ನಮ್ಮನ್ನ ಹಾಸನದೋರು ಅಂತಾರೆ.”

ಅವಳಿಗೆ ನಗು ಬರಲಿಲ್ಲ.

ಏಣಿ ಹತ್ತಿದ ದಿನ

ಹೇಮಳ ಮನೆ ಮುಂದಿನ ಕೈತೋಟದಲ್ಲಿ ಕರಿಬೇವು, ಮೆಣಸಿನಗಿಡ, ನಾಲ್ಕು ಸಾಲು ಬೀನ್ಸು ಇದ್ದವು. ಎಲ್ಲ ಬಿಳಿಚಿಕೊಂಡಿದ್ದವು. ಕಾರಣ ಕೇಳಲು ಯಾರೂ ಬೇಕಾಗಿರಲಿಲ್ಲ. ಬೇಲಿಯ ಆಚೆ, ಬೀದಿ ಬದಿಯಲ್ಲಿ, ಒಂದು ಸಿಲ್ವರ್ ಮರ ನಿಂತಿತ್ತು. ಕೆಳಗಿನಿಂದ ಮೇಲಿನ ತನಕ ಕೊಂಬೆ ಬಿಟ್ಟುಕೊಂಡು, ಮೈತುಂಬ ಕಿತ್ತಳೆ ಬಣ್ಣದ ಹೂ. ಅಷ್ಟು ಹೂವನ್ನು ನಾನು ಸಿಲ್ವರ್ ಮರದಲ್ಲಿ ಕಂಡಿರಲಿಲ್ಲ. ನಮ್ಮಲ್ಲಿ ಅದನ್ನು ಹಾಗೆ ಬೆಳೆಯಲು ಬಿಟ್ಟರೆ ತಾನೆ.

ಕಾಫಿ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ನೆರಳು ಹೆಚ್ಚಾದರೆ ಮರದ ಕೊಂಬೆ ಸವರುತ್ತೇವೆ, ಅದಕ್ಕೆ ಕಪಾತು ಎನ್ನುತ್ತೇವೆ. ಬೀಟೆ, ನಂದಿ, ಮತ್ತಿ ಕಡಿಯಬೇಕಾದರೆ ಅರಣ್ಯ ಇಲಾಖೆಯ ಬಾಗಿಲಿಗೆ ಅಲೆದು ಚಪ್ಪಲಿ ಸವೆಯಬೇಕು. ಸಿಲ್ವರ್ ಒಂದಕ್ಕೆ ಯಾರ ಅಪ್ಪಣೆಯೂ ಬೇಡ. ಅದು ನೆಟ್ಟ ಮರ, ಕಾಡಿನ ಮರ ಅಲ್ಲ. ನನ್ನ ಬದುಕಿನಲ್ಲಿ ಯಾರನ್ನೂ ಕೇಳದೆ ಕಡಿಯಬಹುದಾದ ಮರ ಅದೊಂದೇ.

ಹೇಮ ಡ್ಯೂಟಿಗೆ ಹೋಗಿದ್ದಳು, ಸಿರಿ ಶಾಲೆಯಲ್ಲಿದ್ದಳು. ಅಳಿಯನ ಶೆಡ್ಡಿನಲ್ಲಿ ಏಣಿ ಇತ್ತು, ಕೈಗರಗಸ ಇತ್ತು. ಸೀರೆ ಎತ್ತಿ ಕಟ್ಟಿ ಹತ್ತಿದೆ. ಕೈತೋಟಕ್ಕೆ ಬಾಗಿದ್ದ ಐದಾರು ಕೊಂಬೆ ಇಳಿಸಿದೆ. ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಬಣ್ಣದ ಗಿಣಿಗಳು ಕಿರುಚಿಕೊಂಡು ಹಾರಿದವು. ಆ ಸದ್ದಿಗೆ ಮರಿಯಾ ಹೊರಗೆ ಬಂದಳು. ಬಿದ್ದ ಹೂ ನೋಡಿದಳು, ಏಣಿಯ ಮೇಲಿನ ನನ್ನನ್ನು ನೋಡಿದಳು. ಎರಡು ಕೈ ತಲೆಯ ಮೇಲಿಟ್ಟುಕೊಂಡು ಅವಳ ಭಾಷೆಯಲ್ಲಿ ಏನೋ ಅಂದಳು. ಮಾತು ಅರ್ಥವಾಗಲಿಲ್ಲ, ಬೈಗುಳ ಅಂತ ಮಾತ್ರ ಗೊತ್ತಾಯಿತು.

ನಾನು ಮೇಲಿನಿಂದಲೇ “ಬಿಸಿಲು, ಬಿಸಿಲು” ಎಂದು ಬೀನ್ಸಿನ ಕಡೆ ತೋರಿಸಿದೆ.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ರಾತ್ರಿ ಹೇಮ ಬಂದಾಗ ಗೇಟಿನ ಹತ್ತಿರ ನಿಲ್ಲಿಸಿಕೊಂಡು ಹೇಳಿದ್ದು ಇಷ್ಟು: ನಿನ್ನ ಅಮ್ಮ ಇರುವ ತನಕ ಮಗುವನ್ನು ಅವಳೇ ನೋಡಿಕೊಳ್ಳಲಿ. ಅವಳು ಹೋದ ಮೇಲೆ ಬೇರೆ ಯಾರನ್ನಾದರೂ ಹುಡುಕಿಕೋ.

ಕಾಫಿ ಪಿಕಿಂಗ್, ಅಂದರೆ ಹಣ್ಣು ಕೀಳುವುದು, ಶುರುವಾಗುವ ಮೊದಲು ನಾನು ಊರಿಗೆ ಬರಲೇಬೇಕಿತ್ತು.

ಕೌನ್ಸಿಲಿನವನು

ಅದಾದ ಎರಡನೇ ದಿನ ಕೌನ್ಸಿಲಿನ ಮನುಷ್ಯ ಬಂದ. ಕೌನ್ಸಿಲ್ ಅಂದರೆ ನಮ್ಮ ಪುರಸಭೆ ಇದ್ದಂತೆ. ಬೀದಿಯ ಮರವೆಲ್ಲ ಅವರದ್ದು. ಯಾರು ಕರೆಸಿದ್ದು ಅಂತ ಕೇಳಬೇಕಾಗಿರಲಿಲ್ಲ. ಮರಿಯಾ ತನ್ನ ಕಿಟಕಿಯಲ್ಲೇ ನಿಂತು, ಹೌದು ನಾನೇ ಅನ್ನುವ ಹಾಗೆ ನೋಡುತ್ತಿದ್ದಳು.

ಹೇಮ ನನ್ನನ್ನು ಪಕ್ಕಕ್ಕೆ ಎಳೆದಳು. “ಅವ್ವ, ಗಾಳಿಗೆ ಮುರೀತು ಅಂತೀನಿ. ನೀನು ಬಾಯಿ ಬಿಡಬೇಡ. ಪ್ರಮಾಣದ ಹೊತ್ತಿಗೆ ಇಂಥದ್ದೊಂದು ಬಂದರೆ ಹೆಸರು ತೆಗೆದುಹಾಕ್ತಾರೆ.”

“ಗಾಳಿ ಗರಗಸ ಹಿಡಿದುಕೊಂಡು ಬರುತ್ತೇನೆ?”

ನಾನೇ ಮುಂದೆ ಹೋಗಿ ಎದೆ ಮುಟ್ಟಿಕೊಂಡು “ಮೀ” ಅಂದೆ. ಅವನು ನನ್ನನ್ನು ನೋಡಿದ, ಏಣಿಯನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ನನಗೆ ಆ ದೇಶದಲ್ಲಿ ಸಿಕ್ಕ ಮೊದಲ ಬಿಳಿ ಅಧಿಕಾರಿ ಅವನು. ಅವನೂ ಸ್ಕಾಟ್ಲೆಂಡಿನವನ ಮಗನಂತೆ.

“ಇದು ನಮ್ಮ ಊರಿನ ಮರ ಅಂತ ಹೇಳು,” ಎಂದೆ ಹೇಮಳಿಗೆ. “ನನಗೆ ಇದರ ಕೆಲಸ ಗೊತ್ತು.”

ಅವನು ತಲೆ ಅಲ್ಲಾಡಿಸಿದ. ಅದು ಅವರದೇ ಮರವಂತೆ. ಅದರ ಹುಟ್ಟೂರೇ ಆ ಸೀಮೆಯ ಕಾಡು. ಅಲ್ಲಿಂದಲೇ ಅದು ಹಡಗು ಹತ್ತಿ ನಮ್ಮ ಬೆಟ್ಟಗಳಿಗೆ ಬಂದದ್ದಂತೆ. ನಾನು ನಂಬಲಿಲ್ಲ. ಆಮೇಲೆ ಊರಿಗೆ ಬಂದು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಕೇಂದ್ರದವರನ್ನು ಕೇಳಿದೆ, ನಿಜವೇ ಅಂದರು. ಮಾವನವರ ಕಾಲದಿಂದ ಸಿಲ್ವರ್ ಮರ ನಮ್ಮ ಕಾಳುಮೆಣಸಿನ ಬಳ್ಳಿಗೆ ಬೆನ್ನು ಕೊಟ್ಟುಕೊಂಡು ನಿಂತಿದೆ. ಮೂಲ ಯಾವೂರು ಅಂತ ಅದನ್ನು ಯಾರೂ ಕೇಳಿಲ್ಲ. ಆದರೆ ಕಡಿಯುವಾಗ ಮಾತ್ರ, ನೆಟ್ಟ ಮರ ತಾನೆ, ಕಡಿ ಅಂತೇವೆ.

ಅವನು ಫೋಟೋ ಹೊಡೆದುಕೊಂಡ. ವಯಸ್ಸಾದವರು ಏಣಿ ಹತ್ತಬಾರದು, ಇನ್ನೊಂದು ಸಲ ಕಡಿಯಬಾರದು ಎಂದ. ಪ್ರಮಾಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೂ ಹೇಳಿ ಹೋದ. ಹೇಮ ಆ ಕೊನೆಯ ಮಾತು ನಂಬಲೇ ಇಲ್ಲ. ಅವಳ ಹೆದರಿಕೆಯೆಲ್ಲ ಟೌನ್ ಹಾಲಿನ ಮೇಲೆ, ನನ್ನದು ಪಕ್ಕದ ಬಾಗಿಲಿನ ಮೇಲೆ. ಸರ್ಕಾರ ಮಗುವಿಗೆ ಊಟ ಹಾಕುವುದಿಲ್ಲ.

ಭಾನುವಾರ, ಚರ್ಚು

ನಮ್ಮ ಕಡೆ ಎರಡು ಮನೆ ಮಾತು ಬಿಟ್ಟರೆ ನೇರವಾಗಿ ಹೋಗಿ ಬಾಗಿಲು ತಟ್ಟುವುದಿಲ್ಲ. ಇಬ್ಬರಿಗೂ ಬೇಕಾದ ಮೂರನೆಯವರೊಬ್ಬರನ್ನು ಮುಂದೆ ಮಾಡಿಕೊಂಡು ಹೋಗುತ್ತೇವೆ. ಹೇಮಳಿಗೆ ಹೇಳಿದೆ. “ಇಲ್ಲಿ ಹಂಗೆಲ್ಲ ಮಾಡಲ್ಲ ಅವ್ವ,” ಅಂದಳು. ಪಂಜಾಬಿನ ಮನೆಯವರನ್ನು ಹೇಮಳಿಂದ ಕೇಳಿಸಿದೆ. ಅವರೂ ಅದನ್ನೇ ಅಂದರು. ಎದುರು ಮನೆಯವರು ನಕ್ಕು ಶಟರು ಇಳಿಸಿದರು.

ಮರಿಯಾ ಪ್ರತಿ ಭಾನುವಾರ ಬೀದಿ ಕೊನೆಯ ಚರ್ಚಿಗೆ ಹೋಗುತ್ತಿದ್ದಳು. ಅವಳು ಮಾತು ಕೇಳುವ ಗಂಡಸು ಅಂತ ಒಬ್ಬನಿದ್ದರೆ ಅಲ್ಲೇ ಇರಬೇಕು. ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಮರಿಯಾ ತಿರುಗಿ ನೋಡಿ, ಕತ್ತು ನೆಟ್ಟಗೆ ಮಾಡಿಕೊಂಡಳು. ಪೂಜೆ ಮಾಡಿಸುತ್ತಿದ್ದ ಫಾದರ್ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು, ಆದರೆ ಆ ಇಂಗ್ಲಿಷಿನ ಏಳುಬೀಳು ನನಗೆ ಗುರುತು ಸಿಕ್ಕಿತು. ನಾನು ಬೆಳೆದ ಲೈನಿನಲ್ಲಿ ಗೋಡೆಯಾಚೆ ಕೇಳುತ್ತಿದ್ದ ದನಿ ಅದು.

ಎಲ್ಲ ಮುಗಿದು ಜನ ಹೊರಟ ಮೇಲೆ ಹತ್ತಿರ ಹೋಗಿ ಮಲಯಾಳದಲ್ಲಿ ಕೇಳಿದೆ, “ನಾಟಿಲ್ ಎವಿಡೆಯಾ, ಫಾದರ್?” ಊರಲ್ಲಿ ಎಲ್ಲಿಯವರು ಅಂತ.

ಅವರು ಬೆಚ್ಚಿಬಿದ್ದರು. “ಇರಿಟ್ಟಿ! ನಿಂಗಳೋ ಅಮ್ಮಚ್ಚಿ?” ನೀವೋ ಅಮ್ಮ, ಅಂತ.

ಇರಿಟ್ಟಿ ಎಂದರೆ ವಿರಾಜಪೇಟೆಯಿಂದ ಬಸ್ಸು ಹತ್ತಿ ಘಟ್ಟ ಇಳಿದರೆ ಸಿಗುವ ಕೇರಳದ ಊರು. ಇಟಲಿಯ ಮುದುಕಿಯ ಪಾಪ ಕೇಳಲು ಇರಿಟ್ಟಿಯಿಂದ ಹುಡುಗ ಬಂದಿದ್ದಾನೆ! ನಾನು ಕೊಡಗು ಎಂದೆ. ಅವರ ಅಪ್ಪ ನಮ್ಮ ಕಡೆ ಶುಂಠಿ ಬೆಳೆಯಲು ಬರುತ್ತಿದ್ದರಂತೆ. ಅದೆಲ್ಲ ಆದ ಮೇಲೆ ವಿಷಯ ಹೇಳಿದೆ. ಫಾದರ್ ಹಿಂದೆ ಸರಿದರು.

“ಅದು ಸರಿಯಾಗಲ್ಲ ಅಮ್ಮಚ್ಚಿ. ನಾವು ಇಲ್ಲಿಯವರು ಹಾಗೆ ಇನ್ನೊಬ್ಬರ ಮನೆ ವಿಷಯಕ್ಕೆ ಹೋಗಲ್ಲ.”

“ನೀವು ಬಂದು ಎಷ್ಟು ವರ್ಷ ಆಯ್ತು?”

“ಮೂರು.”

“ಮೂರು ವರ್ಷಕ್ಕೇ ‘ನಾವು ಇಲ್ಲಿಯವರು’ ಆಗಿಬಿಟ್ರಾ? ನಮ್ಮ ಮನೆಯವರಿಗೆ ಮೂರು ತಲೆಮಾರಾದರೂ ಆಗಿಲ್ಲ.”

ಅವರು ನಗುತ್ತಾ ನಿಂತರು. ಆಮೇಲೆ ಬಿಳಿ ಅಂಗಿ ಬಿಚ್ಚಿಟ್ಟು ನನ್ನ ಜೊತೆ ನಡೆದುಕೊಂಡು ಬಂದರು.

ಮರಿಯಾಳ ಅಡುಗೆಮನೆ

ಫಾದರ್ ಮುಂದೆ, ನಾನು ಹಿಂದೆ. ಮರಿಯಾ ಬೇರೆ ದಾರಿಯಿಲ್ಲದೆ ಬಾಗಿಲು ತೆಗೆದಳು. ಒಲೆಯ ಮೇಲೆ ಸಣ್ಣ ಪಾತ್ರೆಯಿಟ್ಟು ಕಾಫಿ ಮಾಡಿದಳು. ಹಾಲಿಲ್ಲ, ಚಿಕೋರಿ ಇಲ್ಲ. ಆ ದೇಶದಲ್ಲಿ ಕುಡಿದದ್ದರಲ್ಲಿ ಕಾಫಿ ಅನ್ನಬಹುದಾದದ್ದು ಅದೊಂದೇ. ಆದರೆ ನಾನು ಹಾಗೆ ಹೇಳಲಿಲ್ಲ. ಹೊಗಳಿ ಕೆಲಸ ಮಾಡಿಸಿಕೊಳ್ಳಲು ಬಂದಳು ಅಂದುಕೊಂಡಾಳು.

ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಫಾದರ್ ಮಲಯಾಳ ಮಾಡಿ ನನಗೆ ದಾಟಿಸುತ್ತಿದ್ದರು.

“ಹೂವಿಗೋಸ್ಕರ ನನಗೆ ಸಿಟ್ಟು ಬಂತು ಅಂದುಕೊಂಡೆಯಾ? ಆ ಮರದ ತರಗೆಲೆಯಿಂದ ನನ್ನ ಮಾಡಿನ ಮಳೆನೀರು ಹರಿಯುವ ದೋಣಿಯೆಲ್ಲ ಕಟ್ಟಿಕೊಂಡಿದೆ. ಕೊಂಬೆ ತೆಗೆಸಿ ಅಂತ ಕೌನ್ಸಿಲಿಗೆ ಎಷ್ಟು ಸಲ ಕೇಳಿದ್ದೇನೆ. ಆಗಲ್ಲ ಅಂದರು. ಸರಿ ಅಂದೆ.”

“ಸರಿ ಯಾಕೆ ಅಂದೆ? ನಿನ್ನ ಹತ್ತಿರ ಗರಗಸ ಇರಲಿಲ್ವ?”

ಫಾದರ್ ಇದನ್ನು ದಾಟಿಸಬೇಕೋ ಬೇಡವೋ ಅಂತ ನನ್ನ ಮುಖ ನೋಡಿದರು. ದಾಟಿಸಿ ಅಂದೆ.

ಮರಿಯಾ ಲೋಟ ಕೆಳಗಿಟ್ಟಳು. “ನಾನು ಬಂದಾಗ ಈ ಬೀದಿಯಲ್ಲಿ ನನ್ನ ಬೆಳ್ಳುಳ್ಳಿಯ ವಾಸನೆಗೆ ಕಿಟಕಿ ಮುಚ್ಚುತ್ತಿದ್ದರು. ಮನೆ ಮುಂದೆ ಟೊಮೇಟೊ ಹಾಕಿದರೆ, ಇಲ್ಲಿ ಹಾಗೆ ಮಾಡಲ್ಲ ಅಂದರು. ಬಸ್ಸಿನಲ್ಲಿ ಗಂಡನ ಜೊತೆ ನಮ್ಮ ಭಾಷೆಯಲ್ಲಿ ಮಾತಾಡಿದರೆ, ಇಲ್ಲಿ ಹಾಗೆ ಮಾಡಲ್ಲ ಅಂದರು. ಕಿತ್ತೆ. ಬಾಯಿ ಮುಚ್ಚಿದೆ. ನಿಮ್ಮಂಥವರು ಅಂತ ಯಾರೂ ಬೆರಳು ತೋರಿಸಬಾರದು ಅಂತ ಇಷ್ಟು ವರ್ಷ ಒಂದು ಕಡ್ಡಿ ಮುರಿಯದೆ ಬದುಕಿದೆ. ನೀನು ಬಂದ ವಾರಕ್ಕೇ ಏಣಿ ಹಾಕಿಕೊಂಡು ಹತ್ತಿದೆ. ಹೆದರಿಕೆಯೂ ಇಲ್ಲ!”

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ನಮ್ಮಲ್ಲೂ ಪಿಕಿಂಗಿಗೆ ಅಸ್ಸಾಮಿನವರು ಬರುತ್ತಾರೆ. ಲೈನಿನ ಮುಂದೆ ಮೀನು ಒಣಹಾಕಿದರೆ, ಇಲ್ಲಿ ಹಂಗೆ ಮಾಡಂಗಿಲ್ಲ ಅಂತ ನಾನೇ ಹೇಳುತ್ತೇನೆ. ಹೇಳುವವಳು ಪಿರಿಯಾಪಟ್ಟಣದ ಕೂಲಿಯವನ ಮಗಳು. ಮೊದಲ ಬಸ್ಸಿನಲ್ಲಿ ಬಂದವರು ಎರಡನೇ ಬಸ್ಸಿನವರಿಗೆ ಹೇಳುವ ಮಾತು ಅದು. ಎರಡನೆಯವರು ಮೂರನೆಯವರಿಗೆ ಹೇಳುತ್ತಾರೆ. ದೇಶ ದೇಶ ಅಂತ ದೊಡ್ಡದಾಗಿ ಹೇಳುತ್ತಾರಲ್ಲ, ನಾನು ಕಂಡಂತೆ ಅದರ ಬಹುಪಾಲು ಇಷ್ಟೇ.

“ಕಡಿದದ್ದು ತಪ್ಪು ಅನ್ನಲ್ಲ,” ಎಂದೆ. “ಬೀನ್ಸಿಗೆ ಬಿಸಿಲು ಬಿದ್ದಿದೆ. ಕೇಳದೆ ಕಡಿದದ್ದು ತಪ್ಪು. ಅದನ್ನ ನನ್ನ ಮೇಲೆ ಹಾಕು, ಮಗುವಿನ ಮೇಲೆ ಹಾಕಬೇಡ.”

ಮರಿಯಾ ಫಾದರ್ ಮುಖ ನೋಡಿದಳು, ನನ್ನದು ನೋಡಲಿಲ್ಲ. “ನೋಡೋಣ,” ಅಂದಳು.

ಅಷ್ಟಕ್ಕೇ ಎದ್ದು ಬಂದೆವು.

ಟೌನ್ ಹಾಲು

ಮರಿಯಾಳನ್ನೂ ಕರೆಯೆಂದು ಹೇಮಳಿಗೆ ಹೇಳಿದೆ. ಕರೆದಳು. ಮರಿಯಾ ಬರಲಿಲ್ಲ.

ಅಳಿಯನಿಗೆ ಗಣಿಯಿಂದ ಬರಲಾಗಲಿಲ್ಲ. ಹಾಲಿನ ತುಂಬ ಜನ. ಪ್ರಮಾಣ ಮಾಡುವವರಲ್ಲಿ ಒಬ್ಬೊಬ್ಬರದು ಒಂದೊಂದು ಬಣ್ಣದ ಬಟ್ಟೆ. ಹೇಮ ರೇಷ್ಮೆ ಸೀರೆ ಉಟ್ಟಿದ್ದಳು. ಹೆಸರು ಕೂಗುವ ತನಕ ಅವಳು ವೇದಿಕೆಯಿಂದ ಕಣ್ಣು ತೆಗೆಯಲಿಲ್ಲ. ಕೂಗಿದರು. ಕೊಂಬೆಯ ಸುದ್ದಿ ಯಾರೂ ಎತ್ತಲಿಲ್ಲ. ಕೌನ್ಸಿಲಿನವನು ಹೇಳಿರಲಿಲ್ಲವೇ ಅಂತ ನಾನು ಹೇಳಲು ಹೋಗಲಿಲ್ಲ.

ಶುರುವಿಗೆ ಆ ನೆಲದ ಮೂಲದ ಜನಾಂಗದ ಒಬ್ಬ ಹೆಂಗಸು ಬಂದು ಮಾತಾಡಿದಳು. ನನ್ನ ವಯಸ್ಸಿನವಳು, ಸ್ವಲ್ಪ ಕುಂಟುತ್ತಿದ್ದಳು. ಏನಂದಳು ಅಂತ ಸಿರಿಯನ್ನು ಕೇಳಿದೆ.

“ಬನ್ನಿ ಅಂದರು, ಅಜ್ಜಿ.”

“ಅಷ್ಟೇನಾ?”

“ಹೂಂ. ನಮ್ಮ ನೆಲವನ್ನು ಚೆನ್ನಾಗಿ ನೋಡಿಕೊಳ್ಳಿ ಅಂದರು.”

ಆ ಊರು ಕಟ್ಟಲು ಅವಳ ಜನರ ಕಾಡು ಕಡಿದವರು ಯಾರೂ ಕೇಳಿ ಕಡಿದಿರಲಿಕ್ಕಿಲ್ಲ. ಅದೇನೇ ಇರಲಿ, ಕರೆದು ನಿಲ್ಲಿಸಿ ಮೊದಲ ಮಾತು ಅವಳ ಬಾಯಲ್ಲಿ ಆಡಿಸಿದರು. ನಮ್ಮಲ್ಲಿ ಸಭೆಗೆ, ನಮ್ಮ ಕಾಡಿನ ಮೂಲದ ಜನವಾದ ಯರವರನ್ನು ಕರೆದು, ಮೊದಲು ನೀವು ಮಾತಾಡಿ ಅಂದದ್ದು ನಾನು ನೋಡಿಲ್ಲ. ಕುರ್ಚಿ ಜೋಡಿಸಲು ಕರೆಯುವುದನ್ನು ನೋಡಿದ್ದೇನೆ.

ಪ್ರಮಾಣವಾದ ಮೇಲೆ, ಮೊದಲೇ ಈ ದೇಶದವರಾದವರೂ ಎದ್ದು ನಿಂತು ಒಟ್ಟಿಗೆ ಹೇಳಿ ಅಂದರು. ಕುರ್ಚಿಗಳೆಲ್ಲ ಕಿರ್ರೆಂದವು. ಹಾಲಿಗೆ ಹಾಲೇ ಎದ್ದಿತು. ಕೂತೇ ಇದ್ದವರು ಯಾರು ಅಂತ ತಿರುಗಿ ನೋಡಿದೆ. ಎಲ್ಲ ಮುದುಕಿಯರು. ಚೀನಾದವಳೊಬ್ಬಳು, ತಲೆಗೆ ಬಟ್ಟೆ ಕಟ್ಟಿದ ಕಪ್ಪು ಹೆಂಗಸೊಬ್ಬಳು, ಮತ್ತೆ ನಾನು. ನಿಂತವರ ಬೆನ್ನು ನೋಡಿಕೊಂಡು ಕೂತಿದ್ದೆವು. ಚೀನಾದವಳು ಚೀಲದಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ನನಗೆ ಕೊಟ್ಟಳು. ಖಾರ ಇತ್ತು.

ಆಮೇಲೆ ತೆಂಗಿನಕಾಯಿ ತುರಿ ಮೆತ್ತಿದ ಕೇಕು ಕೊಟ್ಟರು. ಹೇಮ ಅತ್ತಳು, ಫೋಟೋಗೆ ನಿಂತಳು, ಮತ್ತೆ ಅತ್ತಳು. ನನಗೆ ಅಳು ಬರಲಿಲ್ಲ. ಅವಳು ನನ್ನ ಮಗಳು ಅನ್ನುವುದನ್ನು ಯಾರೂ ತೆಗೆಸಿಲ್ಲವಲ್ಲ.

ಮನೆಗೆ ಬಂದಾಗ ಮರಿಯಾ ತನ್ನ ಗೇಟಿನಲ್ಲಿ ನಿಂತಿದ್ದಳು.

“ಆಯ್ತಾ?” ಎಂದಳು ಹೇಮಳಿಗೆ.

“ಆಯ್ತು.”

“ನನ್ನದು ಆದ ದಿನ ಮಳೆ ಬಂದಿತ್ತು.” ಆಮೇಲೆ ಸಿರಿಯ ಕಡೆ ಬೆರಳು ತೋರಿಸಿದಳು. “ಅಜ್ಜಿ ಊರಿಗೆ ಹೋದ ಮರುದಿನದಿಂದ ನೀನು ಇಲ್ಲಿಗೆ ಬರಬೇಕು. ಶೂ ಹೊರಗೆ ಬಿಡಬೇಕು. ಊಟ ಆಗುವ ತನಕ ಟೀವಿ ಇಲ್ಲ.”

ನನ್ನ ಕಡೆ ನೋಡಿ ಅವಳಂದ ಮಾತನ್ನು ಸಿರಿ ದಾಟಿಸಿದಳು: “ಅಜ್ಜಿ, ನೀವು ಏನು ಮಾಡಬೇಕಾದರೂ ಮೊದಲು ಕೇಳಬೇಕಂತೆ.”

ಮರುದಿನ ಬೆಳಿಗ್ಗೆ

ರಾತ್ರಿ ಗಾಳಿ ಬೀಸಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಬೀದಿ ಬದಿಯ ತುಂಬ ಸಿಲ್ವರ್ ತರಗು. ಪೊರಕೆ ತೆಗೆದುಕೊಂಡು ಹೇಮಳ ಮನೆ ಮುಂದೆ ಗುಡಿಸುತ್ತಾ ಹೋದೆ. ಮರಿಯಾಳ ಮನೆಯ ಗಡಿ ಬಂತು. ಅಲ್ಲಿಂದಾಚೆಯೂ ಅದೇ ತರಗು, ಅದೇ ಮರದ್ದು. ನಮ್ಮೂರಾಗಿದ್ದರೆ ಹಾಗೇ ಗುಡಿಸಿಕೊಂಡು ಮುಂದೆ ಹೋಗುತ್ತಿದ್ದೆ.

ನಿಂತೆ. “ಮರಿಯಾ!” ಎಂದು ಕರೆದೆ. ಕಿಟಕಿ ತೆಗೆದಳು. ಪೊರಕೆ ಎತ್ತಿ ತೋರಿಸಿ, ಅವಳ ಅಂಗಳದ ಕಡೆ ಕೈ ಮಾಡಿ, ಗುಡಿಸಲಾ ಎಂದು ಕೇಳಿದೆ.

ಅವಳು ತರಗನ್ನು ನೋಡಿದಳು, ಪೊರಕೆಯನ್ನು ನೋಡಿದಳು, ನಿಧಾನಕ್ಕೆ ಯೋಚನೆ ಮಾಡಿದಳು.

“ನೋ,” ಅಂದಳು.

ಸರಿ ಎಂದು ಪೊರಕೆ ತೆಗೆದುಕೊಂಡು ಒಳಗೆ ಬಂದೆ.